ನಾಯಿಗೆ ನೆರಳಾದ ಗದ್ದಿಗೆ ಕಂಬಳಿ

ಒಂದಾನೊಂದು ಕಾಲದಲ್ಲಿ, ಬಟ್ಟೆಬರೆಯೆಲ್ಲ ಇನ್ನೂ ಪ್ರಾಣಿಗಳ ಮೈಮೇಲೆಯೇ ಇದ್ದ ಕಾಲದಲ್ಲಿ, ಒಂದು ಕರಿ ಕುರಿ ಇತ್ತಂತೆ. ಆ ಕುರಿಯ ಬೆನ್ನ ಮೇಲೆ ನಾನಿದ್ದೆ. ಆಗ ನನಗೆ ಹೆಸರಿರಲಿಲ್ಲ, ಅಂಚಿರಲಿಲ್ಲ, ಮಡಿಕೆ ಇರಲಿಲ್ಲ. ಕುರಿ ಉಸಿರೆಳೆದರೆ ಏಳುತ್ತಿದ್ದೆ, ಉಸಿರು ಬಿಟ್ಟರೆ ಇಳಿಯುತ್ತಿದ್ದೆ. ಮುಳ್ಳುಬೇಲಿ ಹಾದಾಗ ಒಂದಿಷ್ಟು ನನ್ನನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ, ಗುಬ್ಬಿಗಳು ಗೂಡಿಗೆಂದು ಕಿತ್ತುಕೊಂಡು ಹೋಗುತ್ತಿದ್ದವು. ಹೀಗೆ ಶುರುವಾದ ಕತೆಯಲ್ಲಿ ಮುಂದೆ ರಾಜನೋ ರಾಕ್ಷಸನೋ ಬರಬೇಕು. ನನ್ನ ಕತೆಯಲ್ಲಿ ಬಂದವನು ಮಾಳಿಂಗಪ್ಪ. ಅವನ ಕೈಯಲ್ಲಿ ಉಣ್ಣೆಯ ಕತ್ತರಿ ಇತ್ತು.

ನಾನು ಒಂದು ಕಂಬಳಿ. ಹಿರೇದಿನ್ನಿಯ ಕುರುಬರ ಓಣಿಯಲ್ಲಿ ಹುಟ್ಟಿದೆ. ಬಿಸಿಲು ಬಲಿಯುವ ಮುಂಚೆ ಮಾಳಿಂಗಪ್ಪ ಕುರಿಗಳನ್ನು ಹಳ್ಳದಲ್ಲಿ ಮೀಯಿಸಿ, ಒಂದೊಂದನ್ನೇ ಕಾಲು ಕಟ್ಟಿ ಮಲಗಿಸಿ ಉಣ್ಣೆ ಇಳಿಸುತ್ತಿದ್ದ. ನನ್ನ ಕುರಿಯನ್ನು ಬಿಚ್ಚಿಬಿಟ್ಟಾಗ ಅದು ನಾಲ್ಕೂ ಕಾಲೆತ್ತಿ ಜಿಗಿಯಿತು. ಆ ಜಿಗಿತ ನೋಡುವುದೆಂದರೆ ಮಾಳಿಂಗಪ್ಪನಿಗೆ ಪ್ರಾಣ. "ಹಗುರಾತಿಲ್ಲೋ ಯವ್ವಾ," ಎಂದು ಕುರಿಯ ಬೆನ್ನು ಸವರುತ್ತಿದ್ದ. ಬೇಸಿಗೆಯ ಬಾಗಿಲಲ್ಲಿ ಒಂದು ಜೀವದ ಮೇಲಿನ ಹೊರೆ ಇಳಿಸುವುದು ಪುಣ್ಯದ ಕೆಲಸವೆಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಅವನು ಅದನ್ನು ನಂಬಿದ್ದ.

ಅವನ ಹೆಂಡತಿ ಕೆಂಚವ್ವ ನನ್ನನ್ನು ಬಿಲ್ಲಿನಿಂದ ಎಕ್ಕಿ ಬಿಡಿಬಿಡಿಯಾಗಿಸಿ, ಕದಿರಿನಲ್ಲಿ ನೂತಳು. ಅವಳು ನೂಲುತ್ತಲೇ ನಡೆಯುತ್ತಿದ್ದಳು, ನೂಲುತ್ತಲೇ ಜಗಳವಾಡುತ್ತಿದ್ದಳು. ಹಾಗಾಗಿ ನನ್ನ ಎಳೆಯಲ್ಲಿ ಅಲ್ಲಲ್ಲಿ ಗಂಟುಗಳಿವೆ. ಅವಳಿಗೆ ಸಿಟ್ಟು ಬಂದ ಜಾಗಗಳು ಅವು. ಆಮೇಲೆ ಗುಂಡಿಮಗ್ಗದಲ್ಲಿ ನೇಯ್ದರು. ಆಮೇಲೆ ಹುಣಸೆಬೀಜ ಕುಟ್ಟಿ ಕುದಿಸಿದ ಗಂಜಿಯನ್ನು ಮೈಗೆಲ್ಲ ಬಳಿದು ಒಣಗಿಸಿದರು. ನಾನು ಹಲಗೆಯ ಹಾಗೆ ಬಿಗಿದುಕೊಂಡೆ. ನಿಲ್ಲಿಸಿದರೆ ನಿಲ್ಲುತ್ತಿದ್ದೆ.

ಮಾಳಿಂಗಪ್ಪನ ತಾಯಿ ಹುಲಿಗೆವ್ವ ನನ್ನ ಅಂಚು ಹಿಡಿದು ನೋಡಿ, "ಇದನ್ನ ಮಾರಬ್ಯಾಡ್ರಿ, ದೇವರ ಗದ್ದಿಗಿಗೆ ಇರಲಿ," ಎಂದಳು. ನಾಲ್ಕು ಮಡಿಕೆ ಮಾಡಿ ಹಾಸಿದರು, ಭಂಡಾರದ ಅರಿಶಿನ ಚೆಲ್ಲಿದರು. ಅಂದಿನಿಂದ ನಾನು ಗದ್ದಿಗೆ ಕಂಬಳಿ. ನನ್ನನ್ನು ಯಾರೂ ಹೊದೆಯುವಂತಿಲ್ಲ, ತುಳಿಯುವಂತಿಲ್ಲ. ನನ್ನ ಮೇಲೆ ಕೂತು ಆಡಿದ ಮಾತಿಗೆ ತಪ್ಪುವಂತಿಲ್ಲ. ಸುಳ್ಳಂತೂ ಕೂಡದೇ ಕೂಡದು.

ಈ ಕೊನೆಯ ಮಾತು ಕೆಂಚವ್ವನಿಗೆ ಬಹಳ ತೊಡಕಾಯಿತು. ಚಳಿಗಾಲದಲ್ಲಿ ಅವಳು ಸಿಂಧನೂರಿನ ಬಸ್‌ಸ್ಟ್ಯಾಂಡಿನ ಗೋಡೆಗೆ ಕಂಬಳಿಗಳನ್ನು ಒಟ್ಟಿಕೊಂಡು ಮಾರಾಟಕ್ಕೆ ಕೂರುತ್ತಿದ್ದಳು. ವ್ಯಾಪಾರ ಕೈಹಿಡಿಯಲೆಂದು ಅತ್ತೆ ನನ್ನನ್ನು ಅವಳ ಜೊತೆ ಕಳಿಸುತ್ತಿದ್ದಳು, ಕೂರಲಿಕ್ಕೆಂದು. ಗಿರಾಕಿ ಬಂದು ಬೆಲೆ ಕೇಳಿದ ಕೂಡಲೇ ಕೆಂಚವ್ವ ಮೆಲ್ಲಗೆ ಜರುಗಿ, ನನ್ನಿಂದ ಇಳಿದು ಬರಿನೆಲಕ್ಕೆ ಕೂರುತ್ತಿದ್ದಳು. "ನಮಗ ಬಿದ್ದ ಅಸಲನ್ಯಾಗ ಕೊಡಾಕತ್ತೀನಿ, ನಿಮ್ಮ ಮಕ್ಕಳಾಣಿ," ಎನ್ನುತ್ತಿದ್ದಳು. ಗಿರಾಕಿ ಹೋದ ಮೇಲೆ ಮತ್ತೆ ನನ್ನ ಮೇಲೆ ಬಂದು ಕೂತು ನಿಟ್ಟುಸಿರು ಬಿಡುತ್ತಿದ್ದಳು. ದಿನವೆಲ್ಲ ಹೀಗೆ ಹತ್ತಿ ಇಳಿದು ಅವಳ ಸೊಂಟ ಹಿಡಿಯುತ್ತಿತ್ತು.

ಇದನ್ನೆಲ್ಲ ನೋಡಿ ನಗುತ್ತಿದ್ದವಳು ಪಕ್ಕದ ಡೇರೆಯ ಯಾಂಗ್ಚೆನ್. ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಸ್ವೆಟರ್ ಮಾರಲು ಬರುವವಳು. ಹುಟ್ಟಿದ್ದು ಅಲ್ಲೇ ಆದ್ದರಿಂದ ನಮ್ಮ ಮಾತೇ ಆಡುತ್ತಿದ್ದಳು. ಸಿಟ್ಟು ಬಂದಾಗ ಮಾತ್ರ ತನ್ನ ಭಾಷೆಗೆ ಹೋಗುತ್ತಿದ್ದಳು. ಕೆಂಚವ್ವನ ನಾಲಿಗೆಗೆ ಆ ಹೆಸರು ಹೊರಳದೆ ಅವಳು ಯಾಂಗವ್ವ ಆದಳು. ಚಳಿಗೆ ಮಾರುವವರಿಬ್ಬರೂ ಒಂದೇ ಗೋಡೆಗೆ ಕೂತರೆ ಜಗಳ ತಪ್ಪುತ್ತದೆಯೇ?

"ನಿನ್ನ ಸ್ವೆಟರ್ ಅಂದ್ರ ಉಂಡಾಡಿ ಗಂಡ ಇದ್ದಂಗ ಯಾಂಗವ್ವಾ. ಒಂದ ಚಳಿಗಾಲ ಅಪ್ಪಿಕೋತಾನ, ಮುಂದ ಎಲ್ಲಿ ಹೋದ ಅಂತ ಗೊತ್ತಾಗಂಗಿಲ್ಲ."

"ನಿನ್ನ ಕಂಬಳಿ ಅತ್ತಿ ಇದ್ದಂಗ ಬಿಡಕ್ಕಾ. ಸಾಯೋತನಕ ಬಿಟ್ಟು ಹೋಗಂಗಿಲ್ಲ, ಇದ್ದಷ್ಟು ದಿನ ಚುಚ್ಚತೈತಿ."

ಇಬ್ಬರೂ ಒಂದೇ ಗ್ಲಾಸಿನ ಚಹಾ ಹಂಚಿಕೊಂಡು ಕುಡಿಯುತ್ತಿದ್ದರು.

ಯಾಂಗ್ಚೆನ್ನಳ ಜೊತೆ ಒಂದು ನಾಯಿ ಬರುತ್ತಿತ್ತು. ಹೆಸರು ಸೆಂಗೆ, ಅವರ ಮಾತಿನಲ್ಲಿ ಸಿಂಹ ಎಂದರ್ಥ. ಕರಿ ಬಣ್ಣ, ಹುಬ್ಬಿನ ಮೇಲೆ ಎರಡು ಕಂದು ಬೊಟ್ಟು, ಕೊರಳ ಸುತ್ತ ಜೂಲು. ಅದು ನನಗೆ ಒರಗಿ ಮಲಗಿದಾಗ ನಾನು ಅದರ ಮೈಯನ್ನು ಬಲ್ಲೆನೆನ್ನಿಸಿತು. ಮೇಲಿನ ಕೂದಲು ಉದ್ದ, ಒರಟು. ಅದರ ಬುಡದಲ್ಲಿ ಮೆತ್ತಗಿನ ಇನ್ನೊಂದು ಪದರ, ಎಳೆ ಕುರಿಮರಿಯದರ ಹಾಗೆ. ಒಂದು ಮೈಗೆ ಎರಡು ಕಂಬಳಿ. ಯಾಂಗ್ಚೆನ್ನಳ ಗಂಡ ಅದನ್ನು ಮರಿಯಿದ್ದಾಗ ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದನಂತೆ. ಅವನು ತೀರಿಹೋಗಿ ವರ್ಷಗಳಾಗಿದ್ದವು.

"ನಾ ಬಾಗಲಾ ತಗದ್ರ ಎದ್ದು ಬರೋರು ಅಂತ ಮನ್ಯಾಗ ಇವನೊಬ್ಬನ ಅದಾನ," ಎಂದು ಅವಳು ಒಮ್ಮೆ ಹೇಳಿದ್ದಳು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವಳಿಗೆ ಹೊಟ್ಟೆನೋವು ಹಿಡಿಯಿತು. ಒಂದು ಮುಂಜಾನೆ ಏಳಲಾಗಲಿಲ್ಲ. ಅವಳ ಕಡೆಯವರು ಗಾಡಿ ತಂದು ಸ್ವೆಟರಿನ ಗಂಟುಗಳನ್ನು ಹೇರಿ, ಗಂಟುಗಳ ನಡುವೆ ಅವಳನ್ನು ಮಲಗಿಸಿದರು. ಹುಬ್ಬಳ್ಳಿಯ ದವಾಖಾನೆಗೆ ಹೋಗಬೇಕು, ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ, ಕೊಯ್ಯಬೇಕಂತೆ. ನಾಯಿಯನ್ನು ಯಾರು ನೋಡಬೇಕು? ಕ್ಯಾಂಪಿನ ಮನೆಗೆ ಬೀಗ ಬಿದ್ದಿತ್ತು. ಯಾಂಗ್ಚೆನ್ ಗಾಡಿಯಿಂದ ಇಳಿದೇಬಿಟ್ಟಳು, ಗೋಡೆ ಹಿಡಿದುಕೊಂಡು ಕೆಂಚವ್ವನ ಹತ್ತಿರ ಬಂದಳು.

ಕೆಂಚವ್ವ ನನ್ನ ಮೇಲೆ ಕೂತಿದ್ದಳು. ಜರುಗಬಹುದಿತ್ತು. ಜರುಗಲಿಲ್ಲ.

"ನೀ ಬಂದು ಕೈ ಚಾಚಿದಾಗ ಇವನ ಹಗ್ಗ ನಿನ್ನ ಕೈಯಾಗ ಇಡ್ತೀನಿ," ಎಂದಳು. "ಹೋಗು. ಜ್ವಾಕಿಲೆ ಹೋಗಿ ಬಾ."

"ಬಿಸಲಂದ್ರ ಇವಗ ಆಗಂಗಿಲ್ಲಕ್ಕಾ. ನೀರು, ನೆಳ್ಳು ತಪ್ಪಿಸಬ್ಯಾಡ."

"ನೀರು ನೆಳ್ಳಿಗೆ ಬರಾ ಬಂದೈತೇನು ನಮ್ಮನ್ಯಾಗ?"

ಗಾಡಿ ಹೊರಟಿತು. ಸೆಂಗೆ ಹಗ್ಗವನ್ನು ಎಳೆದೂ ಎಳೆದೂ ಕೊರಳು ಉಜ್ಜಿಕೊಂಡಿತು. ಆಮೇಲೆ ನನ್ನ ಅಂಚಿಗೆ ಮೂಗಿಟ್ಟು ಕೂತುಬಿಟ್ಟಿತು. ಅಲ್ಲಿ ಅವಳ ಕೈ ಊರಿದ ವಾಸನೆ ಇತ್ತು.

ಊರಿಗೆ ಬಂದಾಗ ಹುಲಿಗೆವ್ವ ಹೊಸಿಲಲ್ಲೇ ತಡೆದಳು. "ಯಾರದೋ ನಾಯಿ ಸಲುವಾಗಿ ಏನ ಮಾತು ಕೊಟ್ಟು ಬಂದೀಬೇ? ಅದೂ ಗದ್ದಿಗಿ ಮ್ಯಾಲ ಕುಂತು?"

"ಹಂಗ ಬಂತತ್ತಿ ಬಾಯಾಗ."

"ಒಂದ ಕಂಬಳಿ ಮಾರಾಕ ನೂರ ಸಲ ನೆಲಕ್ಕ ಜರಗತಿ. ಇಷ್ಟು ದೊಡ್ಡ ಮಾತು ಕೊಡುವಾಗ ಒಂದ ಸಲ ಜರಗಾಕ ಏನಾಗಿತ್ತು?"

ಕೆಂಚವ್ವ ನನ್ನನ್ನು ಮಡಿಸಿ ಗೂಟಕ್ಕೆ ಹಾಕಿದಳು. ಅಲ್ಲಿಂದ ನನಗೆ ಅಂಗಳ ಪೂರ್ತಿ ಕಾಣುತ್ತಿತ್ತು.

ಶಿವರಾತ್ರಿ ಕಳೆಯುತ್ತಲೇ ಬಿಸಿಲು ಬಂತು. ನಮ್ಮ ಸೀಮೆಯ ಬಿಸಿಲನ್ನು ನೋಡದವರಿಗೆ ಹೇಗೆ ಹೇಳಲಿ? ಬಂಡೆಗಲ್ಲುಗಳು ಹಗಲಿಡೀ ಕುಡಿದ ಬೆಂಕಿಯನ್ನು ಸಂಜೆ ಉಗುಳುತ್ತವೆ. ಕಾಗೆಗಳು ಬಾಯಿ ತೆರೆದುಕೊಂಡು ಕೂರುತ್ತವೆ. ಸೆಂಗೆ ನೀರಿನ ಬಾನಿಯ ಬುಡದಲ್ಲಿ ಕೆಸರು ಕೆದರಿ ಹೊಟ್ಟೆ ಒತ್ತಿ ಮಲಗುತ್ತಿತ್ತು. ನಾಲಿಗೆ ಒಳಗೆ ಹೋಗುತ್ತಲೇ ಇರಲಿಲ್ಲ. ಆದರೂ ಉಣ್ಣುತ್ತಿತ್ತು, ಸಂಜೆಯಾದರೆ ಹುಲಿಗೆವ್ವನ ಸೀರೆಯ ಸೆರಗು ಎಳೆದು ಬೈಸಿಕೊಳ್ಳುತ್ತಿತ್ತು.

ಕುರಿ ಹಿಂಡಿನೊಂದಿಗೆ ಹೋಗಿದ್ದ ಮಾಳಿಂಗಪ್ಪ ಒಂದು ದಿನ ಮನೆಗೆ ಬಂದ. ಏದುಸಿರು ಬಿಡುತ್ತಿದ್ದ ಸೆಂಗೆಯನ್ನು ನೋಡಿ ಅದರ ಕೂದಲಲ್ಲಿ ಬೆರಳಾಡಿಸಿದ.

"ಇಷ್ಟು ಉಣ್ಣಿ ಹೊತಗೊಂಡು ಈ ಬಿಸಲಾಗ ಯಾರರ ಬದುಕ್ತಾರೇನು? ಕುರಿಗೊಂದು ನ್ಯಾಯ, ಇದಕ್ಕೊಂದು ನ್ಯಾಯನಾ?"

"ಹೌದಲ್ಲ," ಎಂದಳು ಕೆಂಚವ್ವ. "ನಮಗ ಇಷ್ಟು ದಿನ ಹೊಳಿಲೇ ಇಲ್ಲ ನೋಡು."

ಕುರುಬರ ಮನೆಯಲ್ಲಿ ಇನ್ಯಾವ ವಿಚಾರ ಹೊಳೆದೀತು? ಯಾಂಗ್ಚೆನ್ ನೀರು ಹೇಳಿದ್ದಳು, ನೆರಳು ಹೇಳಿದ್ದಳು. ಕತ್ತರಿಸಬೇಡಿ ಎಂದು ಹೇಳಿರಲಿಲ್ಲ. ಅಂಥದ್ದೊಂದನ್ನು ಯಾರಾದರೂ ಮಾಡಿಯಾರೆಂದು ಅವಳಿಗೆ ಕನಸಿನಲ್ಲಿಯೂ ಬಂದಿರಲಾರದು.

ಸೆಂಗೆಯ ಕಾಲು ಕಟ್ಟಿ ಮಲಗಿಸಿದರು. ಮಾಳಿಂಗಪ್ಪ ಮಮತೆಯಿಂದ, ಎಲ್ಲಿಯೂ ಗಾಯವಾಗದಂತೆ, ಎರಡೂ ಪದರವನ್ನು ಚರ್ಮದವರೆಗೆ ಇಳಿಸಿದ. ಅಂಗಳದಲ್ಲಿ ಕರಿ ಕೂದಲಿನ ಗುಡ್ಡೆ ಬಿತ್ತು. ಹಗ್ಗ ಬಿಚ್ಚಿದಾಗ ಸೆಂಗೆ ನನ್ನ ಕುರಿಯಂತೆಯೇ ಜಿಗಿಯಿತು. "ಸಿಂಹ ಹೋಗಿ ಹಲ್ಲಿ ಆತಲ್ಲೋ," ಎಂದು ಹುಲಿಗೆವ್ವ ಹಲ್ಲಿಲ್ಲದ ಬಾಯಿಯಿಂದ ನಕ್ಕಳು. ಎಲ್ಲರೂ ನಕ್ಕರು. ಮಾಳಿಂಗಪ್ಪ ತೃಪ್ತಿಯಿಂದ ಕತ್ತರಿ ಒರೆಸಿಕೊಂಡು ಕುರಿಗಳ ಕಡೆಗೆ ಹೋದ.

ಆ ನಗು ಬಹಳ ದಿನ ಉಳಿಯಲಿಲ್ಲ. ಎಂದೂ ಬಿಸಿಲು ಕಾಣದ ಚರ್ಮ ಅದು. ಬೆನ್ನು ಕೆಂಪಾಯಿತು, ಆಮೇಲೆ ಬೊಬ್ಬೆ ಎದ್ದವು. ಬಾನಿಯ ಬುಡದಲ್ಲಿ ಮಲಗಿದರೂ ಸೆಂಗೆಗೆ ನೆಮ್ಮದಿಯಿಲ್ಲ. ಎದ್ದು ಗೋಡೆಯ ಹತ್ತಿರ, ಗೋಡೆಯಿಂದ ಗಾಡಿಯ ಕೆಳಗೆ, ಅಲ್ಲಿಂದ ಮತ್ತೆಲ್ಲಿಗೋ. ಹೊರಗಿನ ಕಾವು ನೆಟ್ಟಗೆ ಒಳಗಿಳಿಯುತ್ತಿತ್ತು. ಕೆಂಚವ್ವ ಬೆಣ್ಣೆ ಹಚ್ಚಿದಳು, ಬೆಣ್ಣೆ ಕರಗಿ ಹರಿಯಿತು. "ಕತ್ತರಿಸಿದ ಮ್ಯಾಲ ಯಾಕ ಹೆಚ್ಚಾತತ್ತಿ?" ಎಂದು ಕೇಳಿದಳು. ಹುಲಿಗೆವ್ವನಿಗೂ ಗೊತ್ತಿರಲಿಲ್ಲ.

ಆಮೇಲೆ ಆ ಮಧ್ಯಾಹ್ನ ಬಂತು.

ಕೆಂಚವ್ವ ನೀರಿಗೆಂದು ಬೋರಿನ ಕಡೆ ಹೋಗಿದ್ದಳು. ಕಟ್ಟಿದ ಹಗ್ಗ ಬಿಚ್ಚಿಕೊಂಡು ಸೆಂಗೆ ಅವಳ ಹಿಂದೆ ಹೋಯಿತು. ಡಾಂಬರು ರಸ್ತೆ ದಾಟಿ ಹೋಗಿ, ದಾಟಿ ಬರಬೇಕು. ಬರುವಾಗ ಅದು ಕುಡಿದವನಂತೆ ತೂರಾಡುವುದನ್ನು ನಾನು ಗೂಟದ ಮೇಲಿಂದ ನೋಡಿದೆ. ಬಾಗಿಲವರೆಗೆ ಬಂದು ಮುಂಗಾಲು ಮಡಿದು ಬಿದ್ದಿತು. ನಾಲಿಗೆ ಕೆಂಪಲ್ಲ, ಹಣ್ಣಾದ ನೇರಳೆಯಂತಾಗಿತ್ತು. ಬಾಯಿಂದ ಅಂಟು ಅಂಟಾದ ಜೊಲ್ಲು. ಕಣ್ಣು ತೆರೆದಿದ್ದವು, ಆದರೆ ಕೆಂಚವ್ವನನ್ನು ನೋಡುತ್ತಿರಲಿಲ್ಲ.

ಕೆಂಚವ್ವ ತಲೆಯ ಮೇಲಿನ ಕೊಡವನ್ನು ಹಾಗೇ ಅದರ ಮೇಲೆ ಸುರಿದಳು. ಸಾಲಲಿಲ್ಲ. ಬೇಸಿಗೆಯಲ್ಲಿ ನೀರಿನ ಮಡಕೆಗೆ ಒದ್ದೆ ಗೋಣಿ ಸುತ್ತುವುದು ಅವಳಿಗೆ ಗೊತ್ತಿತ್ತು. ಗೋಣಿ ದಪ್ಪವಿದ್ದಷ್ಟೂ ನೀರು ತಂಪು. ಮನೆಯಲ್ಲಿ ಎಲ್ಲಕ್ಕಿಂತ ದಪ್ಪ ಬಟ್ಟೆ ಯಾವುದು? ಅವಳು ಒಳಗೆ ಓಡಿ ಬಂದು ನನ್ನನ್ನು ಎಳೆದಳು.

"ಗದ್ದಿಗಿ ಕಂಬಳಿಬೇ ಅದು," ಎಂದಳು ಹುಲಿಗೆವ್ವ. "ನಾಯಿ ಮೈಗೆ ಹಾಕ್ತೀಯೇನು?"

"ಇದರ ಮ್ಯಾಲ ಕುಂತು ಮಾತು ಕೊಟ್ಟೀನಿ. ಇದ ಉಳಸಲಿ."

ಬಾನಿಯಲ್ಲಿ ಅದ್ದಿ ತೆಗೆದು ಸೆಂಗೆಯನ್ನು ಮೂಗಿನಿಂದ ಬಾಲದವರೆಗೆ ನನ್ನಲ್ಲಿ ಸುತ್ತಿದಳು. ನಾನು ದೇವರನ್ನು ಹೊತ್ತವನು. ಈ ಜೀವವನ್ನೂ ಹೊರುತ್ತೇನೆಂದುಕೊಂಡೆ. ಮೊದಲ ಕ್ಷಣ ತಂಪಾಗಿದ್ದೆ, ನಿಜ. ಆದರೆ ನಾನು ಕಂಬಳಿ. ಇದ್ದದ್ದನ್ನು ಇದ್ದಲ್ಲೇ ಹಿಡಿದಿಡುವುದು ನನ್ನ ಹುಟ್ಟುಗುಣ. ಮಡಕೆಯೊಳಗೆ ಬೆಂಕಿಯಿರುವುದಿಲ್ಲ, ನಾಯಿಯೊಳಗೆ ಇತ್ತು. ಅದು ಹೊರಬರಲು ತಡಕಾಡಿತು, ನಾನು ಅಡ್ಡ ನಿಂತಿದ್ದೆ. ಒಳಗೆ ಹಬೆ ಕಟ್ಟಿತು. ಮುಚ್ಚಳ ಬಿಗಿದ ಗಡಿಗೆಯಲ್ಲಿ ಅನ್ನ ಬೇಯುವ ಹಾಗೆ ಸೆಂಗೆ ನನ್ನೊಳಗೆ ಬೇಯುತ್ತಿತ್ತು. ಅದರ ಎದೆ ನನ್ನ ಎಳೆಗಳಿಗೆ ಬಡಿಯುತ್ತಿದ್ದುದು ಲೆಕ್ಕ ತಪ್ಪಿತು. ನನಗೆ ಬಾಯಿಲ್ಲ. ಇದ್ದಿದ್ದರೆ ಆಗ ಕೂಗುತ್ತಿದ್ದೆ.

ಕೆಂಚವ್ವ ಕುರಿ ಡಾಕ್ಟರಿಗೆ ಫೋನು ಹಚ್ಚಿದಳು. ಸಿಂಧನೂರಿನ ದನದ ಆಸ್ಪತ್ರೆಯ ಡಾಕ್ಟರಮ್ಮ ಅವರು, ಕುರಿಗಳಿಗೆ ಸೂಜಿ ಹಾಕಲು ವರ್ಷವೂ ಬರುವವರು. ಕೆಂಚವ್ವ ಹೇಳಿದ್ದನ್ನು ಅರ್ಧ ಕೇಳಿಯೇ ಅವರು ತಡೆದರು.

"ಮದಲು ಮೈಮ್ಯಾಲಿಂದು ತಗೀರಿ. ಏನೂ ಹೊಚ್ಚಬ್ಯಾಡ್ರಿ. ತಗದ್ರಿ?"

"ತಗದೆ ರೀ."

"ನೆಳ್ಳಿಗೆ ಎಳಕೋರಿ. ನೀರು ಹೊಟ್ಟಿಗೆ ಹಾಕ್ರಿ, ತೊಡಿ ಸಂದಿಗೆ, ಬಗಲಾಗ, ಪಾದಕ್ಕ. ಬರಫ್ ಬ್ಯಾಡ. ಬಾಯಾಗ ನೀರು ತುರಕಬ್ಯಾಡ್ರಿ, ಶ್ವಾಸಕ್ಕ ಹೋಗತೈತಿ. ಗಾಳಿ ಹಾಕ್ರಿ, ಜೋರ ಗಾಳಿ. ಹಾಕ್ಕೋತನ ಇಲ್ಲಿಗೆ ಕರಕೊಂಡು ಬರ್ರಿ."

ಕರೆಂಟು ಹೋಗಿ ಎಷ್ಟೋ ಹೊತ್ತಾಗಿತ್ತು. ನೆರಳಿಗೆಂದು ಸೆಂಗೆಯನ್ನು ಎಳೆದುಕೊಂಡ ಪಡಸಾಲೆಯಲ್ಲಿ ಫ್ಯಾನು ಸುಮ್ಮನೆ ತೂಗುತ್ತಿತ್ತು. ಕೆಂಚವ್ವ ಮೊರ ಹಿಡಿದು ಬೀಸಿದಳು. ಅದರಲ್ಲಿ ಎಷ್ಟು ಗಾಳಿ ಬಂದೀತು? ಆಗ ಹುಲಿಗೆವ್ವ ನೆಲದ ಮೇಲೆ ಬಿದ್ದಿದ್ದ ನನ್ನ ಎರಡು ತುದಿ ಹಿಡಿದಳು.

"ಆ ಕಡೆ ಹಿಡಿ," ಎಂದಳು ಸೊಸೆಗೆ.

ಇಬ್ಬರೂ ನನ್ನನ್ನು ಮೇಲೆತ್ತಿ ಕೆಳಕ್ಕೆ ಬಡಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಒದ್ದೆಯಾದ ನಾನು ಎತ್ತು ಎಳೆಯುವಷ್ಟು ಭಾರವಿದ್ದೆ. ಹುಲಿಗೆವ್ವನ ತೋಳಿನಲ್ಲಿ ಚರ್ಮ ಬಿಟ್ಟರೆ ಏನೂ ಇರಲಿಲ್ಲ. ಆದರೂ ಎತ್ತಿದಳು. ನನ್ನೊಳಗಿಂದ ಗಾಳಿ ಹುಟ್ಟಿತು, ಅಂಗಳದ ಕಾವನ್ನು ಸೀಳಿಕೊಂಡು ನಾಯಿಯ ಒದ್ದೆ ಹೊಟ್ಟೆಯ ಮೇಲೆ ಬೀಸಿತು. ನಾನು ಏಳುತ್ತಿದ್ದೆ, ಇಳಿಯುತ್ತಿದ್ದೆ. ಕೆಂಚವ್ವ ನಡುನಡುವೆ ಬಿಟ್ಟು ಓಡಿ ಚೊಂಬಿನಿಂದ ನೀರು ಹೊಯ್ಯುತ್ತಿದ್ದಳು. "ಉಸರಾಡೋ, ಉಸರಾಡು," ಎಂದು ಒಂದೇ ಸಮನೆ ಹೇಳುತ್ತಿದ್ದಳು. ಅತ್ತೆಯ ಬಾಯಲ್ಲಿ ದೇವರ ಹೆಸರಿತ್ತು. ಬೇಡುತ್ತಿದ್ದಳೋ ಬೈಯುತ್ತಿದ್ದಳೋ ತಿಳಿಯಲಿಲ್ಲ.

ಓಣಿಯ ಟಂಟಂ ಆಟೋ ಬಂತು. ನನ್ನನ್ನೇ ಜೋಲಿ ಮಾಡಿ ಸೆಂಗೆಯನ್ನು ಹೊತ್ತರು. ಗಾಡಿಯ ತಗಡಿನ ನೆಲ ಕಾದಿತ್ತು. ನನ್ನನ್ನು ಒದ್ದೆಯಾಗಿ ಕೆಳಗೆ ಹಾಸಿ ಮೇಲೆ ಮಲಗಿಸಿದರು. ಎರಡೂ ಬದಿಯಿಂದ ಗಾಳಿ ಹಾಯುತ್ತಿತ್ತು. ದಾರಿಯುದ್ದಕ್ಕೂ ಕೆಂಚವ್ವ ಕೊಡದಿಂದ ನೀರು ತೆಗೆದು ಹೊಟ್ಟೆಗೆ ಸವರುತ್ತಾ, ಎದೆಯ ಮೇಲೆ ಕೈಯಿಟ್ಟು ನೋಡುತ್ತಾ ಬಂದಳು. ಒಮ್ಮೆ ಕೈಯಿಟ್ಟವಳು ತೆಗೆಯಲಿಲ್ಲ, ಮುಖ ಬಿಳಿಚಿಕೊಂಡಿತು. ಆಮೇಲೆ ಅಂಗೈ ಅಡಿಯಲ್ಲಿ ಮತ್ತೆ ಏನೋ ಮಿಡುಕಿತು.

ಡಾಕ್ಟರಮ್ಮ ಸಲೈನು ಹಚ್ಚಿದರು. ಬೆನ್ನು ನೋಡಿ ಕೇಳಿದರು, "ಕೂದಲಾ ಯಾರು ತಗದ್ರು?"

"ನಾವ ರೀ. ಹಗುರಾಗಲಿ ಅಂತ."

"ಕೆಂಚವ್ವಾ, ಇದು ಕುರಿಯಲ್ಲ. ಇದರ ಕೂದಲಾ ಇದರ ಛತ್ತು. ಬಿಸಲು ಒಳಗ ಬರದಂಗ ತಡಿತೈತಿ. ಮನಿ ಕಾದೈತಂತ ಮ್ಯಾಳಗಿ ಕಿತ್ತಂಗಾತು ನೋಡು. ಹಣಗಿಲೆ ಬಾಚಿ ಉದರಿದ್ದು ತಗೀಬೇಕು, ಅಷ್ಟ."

"ಬದುಕ್ತೈತ್ರಿ?"

"ಇವತ್ತ ಹೇಳಾಕ ಬರಂಗಿಲ್ಲ."

ಕೆಂಚವ್ವ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಳು. ನನ್ನನ್ನು ಮಡಿಲಿನಲ್ಲಿ ಗಂಟು ಮಾಡಿ ಹಿಡಿದುಕೊಂಡಿದ್ದಳು. ನನ್ನಿಂದ ಸುರಿದ ನೀರಿನಲ್ಲಿ ಅವಳ ಸೀರೆ ನೆನೆಯಿತು.

ಸೆಂಗೆ ಬದುಕಿತು. ಆದರೆ ಅದು ಬದುಕೆಂದರೆ ಬದುಕಲ್ಲ. ಎದ್ದರೆ ಹಿಂಗಾಲು ಅದುರುತ್ತಿದ್ದವು. ಮಜ್ಜಿಗೆಯನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಸುದ್ದಿ ಕೇಳಿ ಮಾಳಿಂಗಪ್ಪ ಹಿಂಡು ಬಿಟ್ಟು ಬಂದ, ಸುಟ್ಟ ಬೆನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತ. "ನನ್ನ ಕೈ ಬರೇ ಕುರಿ ಬಲ್ಲದು," ಎಂದ. ಸಂಜೆ ಅಂಗಳದ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟ. ನನ್ನನ್ನು ಅದಕ್ಕೆ ಎತ್ತರದಲ್ಲಿ ಕಟ್ಟಿದ, ಕೆಳಗೆ ಗಾಳಿಯಾಡುವಂತೆ. ನೆಲವನ್ನು ಅಗೆದು ಉಸುಕು ತುಂಬಿ ನೀರು ಚಿಮುಕಿಸಿದ. ಹುಲಿಗೆವ್ವ ಗದ್ದಿಗೆಗೆ ಒಂದು ಹಳೆ ಕಂಬಳಿ ಹಾಸಿಕೊಂಡಳು. "ದೇವರಿಗೇನು ಉರಿತೈತೇನು," ಎಂದಳು, ಯಾರೂ ಕೇಳದಿದ್ದರೂ.

ಬೇಸಿಗೆ ಪೂರ್ತಿ ನಾನು ಆಕಾಶದಲ್ಲಿದ್ದೆ. ಕೆಂಚವ್ವ ನನ್ನ ಮೇಲೆ ನೀರು ಎರಚುತ್ತಿದ್ದಳು, ಸೂರ್ಯ ಕುಡಿಯುತ್ತಿದ್ದ, ಮತ್ತೆ ಎರಚುತ್ತಿದ್ದಳು. ಹುಣಸೆಬೀಜದ ಗಂಜಿ ತೊಳೆದುಹೋಯಿತು. ಬಿಗುವು ಹೋಯಿತು, ಬಣ್ಣ ಕಂದಿತು, ನಡುವೆ ಜೋತುಬಿದ್ದೆ. ಕಾಗೆಗಳು ಹಕ್ಕಿನಿಂದ ನನ್ನ ಎಳೆ ಕಿತ್ತವು. ಮೂರು ತಲೆಮಾರು ಬಾಳಬೇಕಾದವನು ಒಂದೇ ಬೇಸಿಗೆಯಲ್ಲಿ ಮುದುಕನಾದೆ. ನನಗದು ಸಂಕಟವೆನಿಸಲಿಲ್ಲ. ಕೆಳಗೆ ಸೆಂಗೆ ಉಸಿರಾಡುತ್ತಿತ್ತು. ನಾನು ದಿನವೂ ಆ ಉಸಿರನ್ನೇ ಕೇಳುತ್ತಿದ್ದೆ. ಹೊತ್ತಿಳಿದ ಮೇಲೆ ಕೆಂಚವ್ವ ನೆಲಕ್ಕೆ ಅಂಗೈ ಊರಿ ನೋಡುತ್ತಿದ್ದಳು. ತನ್ನ ಕೈ ತಾಳಿದರೆ ಮಾತ್ರ ಅದರ ಹಗ್ಗ ಬಿಚ್ಚುತ್ತಿದ್ದಳು.

ಒಂದು ದಿನ ಹುಬ್ಬಳ್ಳಿಯಿಂದ ಫೋನು ಬಂತು. ನನ್ನನ್ನು ಒಗೆಯಲೆಂದು ಕೆಳಗಿಳಿಸಿದ್ದರು. ಕೆಂಚವ್ವ ನನ್ನ ಮೇಲೆ ಕೂತು ಕಾಲು ಚಾಚಿದ್ದಳು. ಯಾಂಗ್ಚೆನ್ನಳ ದನಿ ಬಾವಿಯ ತಳದಿಂದ ಬಂದಂತಿತ್ತು.

"ಅಕ್ಕಾ, ಇನ್ನೊಂದ ಸಲ ಕೊಯ್ಯಬೇಕಂತ. ಸೆಂಗೆ ಏನು ಮಾಡಾಕತ್ಯಾನ?"

ಕೆಂಚವ್ವ ಮೆಲ್ಲಗೆ ಜರುಗಿ ನೆಲಕ್ಕಿಳಿದಳು.

"ಆರಾಮ ಅದಾನ. ಈಗ ಉಂಡು ಮಕ್ಕೊಂಡಾನ. ನೀ ಚಿಂತಿ ಮಾಡಬ್ಯಾಡ."

ಹುಲಿಗೆವ್ವ ಬಾಗಿಲಲ್ಲಿ ನಿಂತು ನೋಡಿದಳು.

ಆಮೇಲೆ ಫೋನು ಬರಲಿಲ್ಲ. ಕೆಂಚವ್ವ ಹಚ್ಚಿದರೆ ಸ್ವಿಚ್ ಆಫ್. ಮಳೆ ಬಂತು, ಆಗಲೂ ಸ್ವಿಚ್ ಆಫ್. ಓಣಿಯವರು, "ಆಕಿ ಎಲ್ಲಿ ಉಳದಾಳಬೇ, ಹಳ್ಳದ ಕಡೆ ಬಿಟ್ಟು ಬಾ ನಾಯಿನ," ಎಂದರು. ಕೆಂಚವ್ವನ ಎದೆಯಲ್ಲಿ ಎರಡು ಭಯ ಬೆಳೆದವು. ಯಾಂಗ್ಚೆನ್ ಬಂದು ಈ ಬೋಳು ನಾಯಿಯನ್ನು ನೋಡಿದರೆ? ಅವಳು ಬರದೇ ಹೋದರೆ? ಕೈ ಚಾಚುವವಳೇ ಇಲ್ಲದಿದ್ದರೆ ಕೊಟ್ಟ ಮಾತನ್ನು ಎಲ್ಲಿ ಇಳಿಸುವುದು? ನೂಲುವಾಗ ಎಳೆ ತುಂಡಾಗುತ್ತಿತ್ತು. ಊಟದ ನಡುವೆ ಎದ್ದು ಹೋಗಿ ಸೆಂಗೆಯ ಬೆನ್ನು ಸವರಿ ಬರುತ್ತಿದ್ದಳು, ಹೊಲದಲ್ಲಿ ಮೊಳಕೆ ಬಂತೇ ಎಂದು ನೋಡುವವರ ಹಾಗೆ.

ಮೊಳಕೆ ಬಂತು. ಮೊದಲು ಕೊರಳಲ್ಲಿ, ಆಮೇಲೆ ಪಕ್ಕೆಯಲ್ಲಿ, ತೇಪೆ ತೇಪೆಯಾಗಿ. ನಡುಬೆನ್ನಿನಲ್ಲಿ ಅಂಗೈಯಗಲ ಜಾಗ ಬೋಳಾಗಿಯೇ ಉಳಿಯಿತು.

ಚಳಿ ಬಿತ್ತು. ಸಿಂಧನೂರಿನಲ್ಲಿ ಸ್ವೆಟರಿನ ಡೇರೆಗಳು ಎದ್ದವೆಂದು ಸುದ್ದಿ ಬಂತು. ಕೆಂಚವ್ವ ಮಾರುವ ಕಂಬಳಿಗಳನ್ನು, ಸೆಂಗೆಯನ್ನು, ಹಳೇ ಅರಿವೆಯಂತಾಗಿದ್ದ ನನ್ನನ್ನು ಕಟ್ಟಿಕೊಂಡು ಹೋದಳು. ಯಾಂಗ್ಚೆನ್ನಳ ಜಾಗದಲ್ಲಿ ಬೇರೆ ಯಾರೋ ಟೊಪ್ಪಿಗೆ ಮಾರುತ್ತಿದ್ದರು. ಕೇಳಿದರೆ, "ದವಾಖಾನ್ಯಾಗ ಇದ್ಲು, ಮುಂದಿಂದು ಗೊತ್ತಿಲ್ಲ," ಎಂದರು. ಕೆಂಚವ್ವ ಗೋಡೆಗೆ ಒರಗಿ ಕೂತಳು. ಗಿರಾಕಿಗಳು ಬಂದರು, ಅವಳು ನನ್ನಿಂದ ಜರುಗಲೂ ಇಲ್ಲ, ಬೆಲೆ ಹೆಚ್ಚಿಸಲೂ ಇಲ್ಲ. ಬಸ್ಸು ಬಂದಾಗಲೆಲ್ಲ ತಲೆಯೆತ್ತುತ್ತಿದ್ದಳು. ಆಮೇಲಾಮೇಲೆ ಅದನ್ನೂ ಬಿಟ್ಟಳು.

ತಲೆಯೆತ್ತದ ಒಂದು ದಿನ ನಮ್ಮ ಮುಂದೆ ಎರಡು ಕಾಲು ನಿಂತವು. ಸಣ್ಣ ಕಾಲು, ದೊಡ್ಡ ಬೂಟು. ಉಣ್ಣೆಯ ಟೊಪ್ಪಿಗೆ ಹುಬ್ಬಿನವರೆಗೆ ಇಳಿದಿತ್ತು. ಮುಖದಲ್ಲಿ ಮೂಳೆಗಳೇ ಮುಂದೆ ಬಂದಿದ್ದವು.

"ಸೊರಗೀಯಲ್ಲಕ್ಕಾ," ಎಂದಿತು ಯಾಂಗ್ಚೆನ್ನಳ ದನಿ.

ಯಾಂಗ್ಚೆನ್ ನಾಯಿಯನ್ನು ನೋಡಿದಳು. ನೋಡುತ್ತಲೇ ನಿಂತಳು. ತೇಪೆ ಕೂದಲು, ಸಣಕಲು ಕೊರಳು, ಬೆನ್ನ ಮೇಲಿನ ಕಲೆ.

"ಏನಾತಿವಗ?"

ಕೆಂಚವ್ವ ಜರುಗುವಳೆಂದುಕೊಂಡೆ. ಅವಳು ಎರಡೂ ಅಂಗೈ ನನ್ನ ಮೇಲೆ ಊರಿ ಗಟ್ಟಿಯಾಗಿ ಕೂತಳು.

"ನಾವ ಕತ್ತರಿಸಿದ್ವಿ. ಕುರಿ ಹಂಗ. ಬಿಸಲು ಬಡದು ಸಾಯಾಕ ಬಿದ್ದಿದ್ದ. ನೀ ಫೋನ್ ಮಾಡಿದಾಗ ಆರಾಮ ಅದಾನ ಅಂದ್ನಿ, ಅದು ಸುಳ್ಳು."

ಯಾಂಗ್ಚೆನ್ ತನ್ನ ಭಾಷೆಯಲ್ಲಿ ಏನೋ ಅಂದಳು, ಸಣ್ಣಗೆ. ಆಮೇಲೆ ಟೊಪ್ಪಿಗೆ ತೆಗೆದಳು. ತಲೆಯ ಮೇಲೆ ಕೂಸಿನದರಂಥ ಕುರುಚಲು, ನಡುನಡುವೆ ಬೋಳು.

"ಔಷಧಕ್ಕ ಎಲ್ಲಾ ಉದುರಿತು," ಎಂದಳು. "ಇನ್ನೂ ನೆಟ್ಟಗ ಬಂದಿಲ್ಲ. ನಾನೂ ನಿನಗ ಹೇಳಿರಲಿಲ್ಲ."

ಅವಳು ಮಂಡಿಯೂರಿ ಕೂತಳು. ಸೆಂಗೆ ದೂರದಿಂದಲೇ ಮೂಸಿತು. ಆಸ್ಪತ್ರೆಯ ವಾಸನೆಗೆ ಹಿಂದೆ ಸರಿಯಿತು. ಮತ್ತೆ ಮುಂದೆ ಬಂದು ಬಗ್ಗಿದ ತಲೆಯನ್ನು ಮೂಸಿ, ಕಿವಿಯ ಹಿಂದೆ ಮೂಸಿ, ಒಂದು ಸಲ ನೆಕ್ಕಿತು. ಆಮೇಲೆ ಅದರ ಮೈಯೆಲ್ಲ ಅದುರಿತು. ಈ ಸಲದ ಅದುರು ಕಾಲಿನದಲ್ಲ. ಅದು ತನ್ನ ಪೂರಾ ಭಾರವನ್ನು ಅವಳ ಎದೆಗೆ ಹಾಕಿತು. ಅವಳು ಹಿಂದಕ್ಕೆ ವಾಲಿ ನನ್ನ ಮೇಲೆ ಬಿದ್ದಳು. ಒಂದು ಕ್ಷಣ ಮೂವರೂ ನನ್ನ ಮೇಲಿದ್ದರು.

"ಸಾಕು, ಏಳು," ಎಂದಳು ಕೆಂಚವ್ವ. "ಮೊದಲ ಕೈ ಚಾಚು."

ಯಾಂಗ್ಚೆನ್ ಮಲಗಿದಲ್ಲಿಂದಲೇ ಕೈ ಚಾಚಿದಳು. ಕೆಂಚವ್ವ ಹಗ್ಗವನ್ನು ಆ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ಮಡಿಚಿ, ತನ್ನ ಕೈ ತೆಗೆದುಕೊಂಡಳು.